ಅಪ್ಪನ ಹರಿಗೋಲು ಅಡ್ಡ ಬರಲಿಲ್ಲ

ಗುರುಪುರ, ಹುಣಸೂರು ತಾಲ್ಲೂಕು
ನವೆಂಬರ್ 11, ಸೋಮವಾರ

ಪ್ರೀತಿಯ ತಮ್ಮ ಚೇತನನಿಗೆ,

‘ಪ್ರೀತಿಯ’ ಎಂದು ಬರೆದದ್ದನ್ನು ಹೊಡೆದುಹಾಕಲು ಹೋದೆ. ಮನಸ್ಸು ಬರಲಿಲ್ಲ, ಇರಲಿ. ಹೇಗಿದ್ದೀಯ? ದಾಂಡೇಲಿಯ ನೀರು, ಊಟ ಒಗ್ಗಿತೆ? ಹೊಸ ಜಾಗಕ್ಕೆ ಹೋದರೆ ನಾಲ್ಕಾರು ತಿಂಗಳು ನಿನಗೆ ಹೊಟ್ಟೆ ಕೆಡುವುದು ನನಗೆ ಗೊತ್ತು. ಜೀರಿಗೆ ಹುರಿದು ಇಟ್ಟುಕೊ. ಹೋದ ವಾರ ಸರಗೂರಿಗೆ ಹೋಗಿ ಪ್ರಿಯಾಳನ್ನೂ ಮಗುವನ್ನೂ ನೋಡಿಕೊಂಡು ಬಂದೆ. ಬಾಣಂತಿ ಚೆನ್ನಾಗಿದ್ದಾಳೆ, ಅವಳ ತಾಯಿ ಕೈಗೂಸಿನಂತೆ ನೋಡಿಕೊಳ್ಳುತ್ತಿದ್ದಾರೆ. ಮಗನಿಗೆ ಎರಡು ತಿಂಗಳು ತುಂಬಿತು, ಕಿವಿ ನಿನ್ನದೇ. ನಿನ್ನ ವಿಳಾಸವನ್ನು ಪ್ರಿಯಾಳಿಂದಲೇ ಬರೆಸಿಕೊಂಡೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಕಾಗದವಾದರೆ ಹರಿದುಹಾಕುವ ಮುಂಚೆ ಒಂದು ಸಲವಾದರೂ ಕಣ್ಣಾಡಿಸುತ್ತೀಯ ಎಂಬ ಆಸೆ.

ಅಪ್ಪ ಈಗ ನಮ್ಮ ಮನೆಯಲ್ಲೇ ಇದ್ದಾನೆ. ಊರಿನ ಮನೆಗೆ ಬೀಗ ಹಾಕಿದ್ದೇವೆ. ಅಲ್ಲಿ ಬಾಗಿಲು ತೆಗೆದರೆ ಎದುರಿಗೇ ಹೊಳೆ, ಅದನ್ನು ನೋಡಿಕೊಂಡು ಇರಲಾರೆ ಎಂದ. ಇಲ್ಲಿ ಸುತ್ತ ಬರೀ ಜೋಳದ ಹೊಲ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನು. ಬೆಳಿಗ್ಗೆ ಎದ್ದು ಜಗುಲಿಯಲ್ಲಿ ಕೂರುತ್ತಾನೆ, ರಸ್ತೆಯಲ್ಲಿ ಹೋಗುವ ಪಕ್ಕದ ಕ್ಯಾಂಪಿನ ಟಿಬೆಟಿನ ಅಜ್ಜಂದಿರನ್ನು ನೋಡುತ್ತಾನೆ. ನಮ್ಮವರು ಬ್ಯಾರನ್ ಕೆಲಸಕ್ಕೆ ಹೋಗುವಾಗ ‘ಬನ್ನಿ ಮಾವ, ಅಲ್ಲೇ ಕೂತಿರುವಿರಂತೆ’ ಎಂದು ಕರೆಯುತ್ತಾರೆ. ಒಂದು ದಿನ ಹೋದ, ಮಾರನೆಯ ದಿನ ಹೋಗಲಿಲ್ಲ. ಐವತ್ತು ವರ್ಷ ಹುಟ್ಟು ಹಾಕಿದ ತೋಳು ಕೆಲಸವಿಲ್ಲದೆ ಇಳಿದುಹೋಗಿದೆ. ಮೀನು ತಿನ್ನುವುದನ್ನು ಬಿಟ್ಟಿದ್ದಾನೆ. ಯಾಕೆ ಎಂದು ನಾನು ಕೇಳಿಲ್ಲ.

ಜುಲೈ ತಿಂಗಳ ಆ ಭಾನುವಾರದ ಬಗ್ಗೆ ನಾನು ನೀನು ಒಂದು ಮಾತೂ ಆಡಿಲ್ಲ. ಹೋದ ತಿಂಗಳು ಅಪ್ಪನ ಕೇಸಿನ ವಕೀಲರು ಗಂಗಾಧರಪ್ಪನವರು ನೀನು ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಓದಿ ಹೇಳಿದರು. ಲೈಸೆನ್ಸಿಲ್ಲದ ಹರಿಗೋಲೊಂದು ಇದ್ದಕ್ಕಿದ್ದಂತೆ ರಾಫ್ಟಿಗೆ ಅಡ್ಡ ಬಂತು, ಅದನ್ನು ತಪ್ಪಿಸಲು ಹೋಗಿ ರಾಫ್ಟು ಮರಕ್ಕೆ ಬಡಿಯಿತು, ಹರಿಗೋಲು ನಡೆಸುತ್ತಿದ್ದವನು ಚಿಕ್ಕಮಾದಯ್ಯ ಎಂಬ ಅರವತ್ತೆಂಟು ವರ್ಷದ ವ್ಯಕ್ತಿ. ‘ಎಂಬ ವ್ಯಕ್ತಿ’ ಎಂದು ನೀನು ಹೇಳಿದೆಯೋ, ಬರೆದುಕೊಂಡವರು ಹಾಗೆ ಬರೆದರೋ ಗೊತ್ತಿಲ್ಲ. ವಕೀಲರು ಅದನ್ನು ಓದುವಾಗ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ನೀನು ನೋಡಿದ್ದನ್ನೇ ಈಗ ನಿನಗೆ ಬರೆಯುತ್ತಿದ್ದೇನೆ, ಯಾಕೆಂದರೆ ಆ ಹೇಳಿಕೆಯಲ್ಲಿ ಅದರ ಒಂದು ಸಾಲೂ ಇಲ್ಲ.

ಹಿಂದಿನ ದಿನವೆಲ್ಲ ಕೊಡಗಿನ ಕಡೆ ಮಳೆ ಹೊಡೆದಿತ್ತು. ನಾನು ಶನಿವಾರವೇ ಊರಿಗೆ ಬಂದಿದ್ದೆ. ಸೀಸನ್ನಿನಲ್ಲಿ ವಾರಕ್ಕೆರಡು ದಿನ ನಿನ್ನ ರಾಫ್ಟಿಂಗ್ ಗಿರಾಕಿಗಳಿಗೆ ಊಟ ಮಾಡಿ ಪ್ಯಾಕ್ ಮಾಡುವ ಕೆಲಸ ನೀನೇ ಕೊಡಿಸಿದ್ದು. ನಿನ್ನ ಪಲಾವು ತಿಂದವರು ಬೇರೆ ಕಡೆ ಹೋಗುವುದಿಲ್ಲ ಅಕ್ಕ ಎನ್ನುತ್ತಿದ್ದೆ, ನಾನು ಹಿಗ್ಗುತ್ತಿದ್ದೆ. ‘ಬೆಳಿಗ್ಗೆ ಹೊಳೆ, ಮಧ್ಯಾಹ್ನ ಕಾಡು’ ಎಂದು ನೀವು ಬೋರ್ಡು ಹಾಕಿದಾಗ ಅಪ್ಪ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದು ನೆನಪಿದೆಯೆ? ಟೀ ಅಂಗಡಿಯಲ್ಲಿ ನಿನ್ನ ರಾಫ್ಟಿಂಗ್ ಸರ್ಟಿಫಿಕೇಟನ್ನು ಜೇಬಿನಿಂದ ತೆಗೆದು ತೆಗೆದು ತೋರಿಸಿ ಅದರ ಮಡಿಕೆಯೇ ಹರಿದುಹೋಗಿತ್ತು. ಇರಲಿ. ಭಾನುವಾರ ಏಳು ಗಂಟೆಗೆಲ್ಲ ಅಪ್ಪ ದಡಕ್ಕೆ ಹೋಗಿ ನೀರಿನಂಚಿಗೆ ಒಂದು ಕಡ್ಡಿ ನೆಟ್ಟ. ನಾನು ಈರುಳ್ಳಿ ಹೆಚ್ಚಿ ಮುಗಿಸುವಷ್ಟರಲ್ಲಿ ಕಡ್ಡಿ ಮುಳುಗಿತ್ತು. ನೀರಿನ ಬಣ್ಣ ಇಟ್ಟಿಗೆ ಪುಡಿಯಂತಾಗಿತ್ತು, ಬೇರು ಸಮೇತ ಗಿಡಗಳು ತೇಲಿಬರುತ್ತಿದ್ದವು. ನೀನು ಬೈಕಿನಿಂದ ಇಳಿಯುವುದಕ್ಕೇ ಕಾದಿದ್ದು ಅಪ್ಪ ನಿನ್ನ ಕೈ ಹಿಡಿದುಕೊಂಡ. ‘ಇವತ್ತು ಇಳಿಸ್ಬ್ಯಾಡ ಕಣ್ಲಾ ಮಗ. ನೀರು ಏರ್ತಾ ಅದೆ. ಮೊದ್ಲು ಕಾಡು ತೋರ್ಸ್ಕಂಡು ಬಾ, ಸಂದೆಗೆ ಏನಾರ ಇಳಿದ್ರೆ ನೋಡುವ, ಇಲ್ದಿದ್ರೆ ಬುಡು’ ಎಂದ. ಅವನು ಟ್ರಿಪ್ಪೇ ಬೇಡ ಎನ್ನಲಿಲ್ಲ ಚೇತು. ಹಿಂದುಮುಂದು ಮಾಡು ಎಂದ, ಅಷ್ಟೆ. ನೀನು ಕೈ ಬಿಡಿಸಿಕೊಂಡು, ‘ಸಫಾರಿ ಟೈಮು ಮೂರು ಗಂಟೆಗೆ ಫಿಕ್ಸಾಗದೆ. ನೀನು ಏಳ್ದಂಗೆ ಬದ್ಲಾಯ್ಸಕ್ಕೆ ಇದೇನು ನಿನ್ನ ಹರಿಗೋಲಾ?’ ಎಂದೆ. ಗಿರಾಕಿಗಳ ವ್ಯಾನು ಆಗ ತಾನೇ ಬಂದು ನಿಂತಿತ್ತು. ಅವರ ಎದುರಿಗೆ ಎಂದೆ. ಅಪ್ಪ ತನ್ನ ಹರಿಗೋಲಿದ್ದ ಕೆಳಗಿನ ತಿರುವಿನ ಕಡೆ ನಡೆದುಕೊಂಡು ಹೋದ.

ಆ ವ್ಯಾನಿನಲ್ಲಿದ್ದವರು ಮೈಸೂರಿನ ಯಾವುದೋ ಶಾಲೆಯ ಟೀಚರುಗಳು, ಏಳು ಜನ. ಎರಡನೆಯ ರಾಫ್ಟಿಗೆಂದು ಬೇರೆ ಕಾರುಗಳಲ್ಲಿ ಬಂದ ಹುಡುಗ ಹುಡುಗಿಯರು ದಡದಲ್ಲಿ ಕಾಯುತ್ತಿದ್ದರು. ನೀನು ಜಾಕೆಟ್ ಹಂಚುತ್ತಾ ನನ್ನನ್ನು ಕೂಗಿದೆ. ‘ಅಕ್ಕ, ಈ ಮೇಡಂ ಜಾಕೆಟ್ಟಿನ ಬಕಲ್ ಓಗದೆ, ಒಂದು ದಾರ ಕಟ್ಬುಡು.’ ಬೇರೆ ಜಾಕೆಟ್ ಇಲ್ಲವೇ ಎಂದು ನಾನು ಕೇಳಲಿಲ್ಲ. ಊಟದ ಡಬ್ಬಿಗೆ ಸುತ್ತುವ ದಾರವನ್ನೇ ತಂದು ಎದೆಯ ಹತ್ತಿರ ಎರಡು ಗಂಟು ಹಾಕಿದೆ. ಅವರ ಹೆಸರು ಉಷಾರಾಣಿ. ದಪ್ಪ ಕನ್ನಡಕ, ತುಂಬು ತೋಳಿನ ಚೂಡಿದಾರ. ‘ನಂಗೆ ಈಜು ಬರಲ್ಲಮ್ಮ, ಏನೂ ಆಗಲ್ಲ ತಾನೆ?’ ಎಂದರು. ‘ಏನೂ ಆಗಲ್ಲ ಬುಡಿ ಮೇಡಂ, ಇದ್ನೆಲ್ಲ ನಡ್ಸೋನು ನನ್ ತಮ್ಮನೇ’ ಎಂದೆ. ಈ ಮಾತನ್ನು ಪೊಲೀಸರಿಗೆ ಹೇಳಲಿಲ್ಲ. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಸ್ಟೇಷನ್ನಿನಲ್ಲಿ ನೀನೇನು ನೋಡಿದೆಯಮ್ಮ ಎಂದು ಕೇಳಿದಾಗ, ಅಡುಗೆ ಮಾಡುತ್ತಿದ್ದೆ, ನೋಡಲಿಲ್ಲ ಎಂದುಬಿಟ್ಟೆ. ನಿನ್ನ ಮುಖ ಕಣ್ಣ ಮುಂದೆ ಬಂತು, ಪ್ರಿಯಾಳ ಏಳು ತಿಂಗಳ ಹೊಟ್ಟೆ ಕಣ್ಣ ಮುಂದೆ ಬಂತು. ಹಾಗಾಗಿ ನಿನ್ನನ್ನು ಬೈಯಲು ನಾನೇನೂ ದೊಡ್ಡವಳಲ್ಲ. ಆದರೂ ಬೈಯುತ್ತೇನೆ.

ಟೀಚರುಗಳ ರಾಫ್ಟಿನಲ್ಲಿ ಕೂತು ಹುಟ್ಟು ಹಾಕಿದವನು ನಿನ್ನ ಗೈಡು ಸುನೀಲ, ನೀನು ದಡದಲ್ಲಿ ನಿಂತು ವೀಡಿಯೋ ಮಾಡುತ್ತಿದ್ದೆ. ಮೊದಲ ಇಳಿಜಾರು ದಾಟಿದರು, ಕೇಕೆ ಹಾಕಿದರು. ಅದರಾಚೆ ಹೊಳೆ ಎಳೆದು ತಂದಿದ್ದ ಒಂದು ದೊಡ್ಡ ಮರ ಬಂಡೆಗಳಿಗೆ ಸಿಕ್ಕಿಕೊಂಡು ಅಡ್ಡ ಬಿದ್ದಿತ್ತು. ಸುನೀಲ ‘ಹಿಂದಕ್ಕೆ, ಹಿಂದಕ್ಕೆ’ ಎಂದು ಕಿರುಚಿದ್ದು ನನಗೆ ಒಲೆಯ ಹತ್ತಿರಕ್ಕೆ ಕೇಳಿತು. ಓಡಿಬಂದು ನೋಡಿದರೆ ರಾಫ್ಟು ಮರಕ್ಕೆ ಒರಗಿ ಎದ್ದು ನಿಂತು ಮಗುಚಿತು. ಆಗ ಅಪ್ಪ ಎಲ್ಲಿದ್ದ? ಮರಕ್ಕಿಂತ ಒಂದು ಕೂಗಳತೆ ಕೆಳಗೆ, ತಿರುವಿನಲ್ಲಿ, ದಡದಲ್ಲಿ. ಹರಿಗೋಲು ಇನ್ನೂ ಮರಳಿನ ಮೇಲೆ ಬೋರಲಾಗಿತ್ತು. ಅವನು ಅದನ್ನು ನೀರಿಗೆ ತಳ್ಳಿದ್ದು ರಾಫ್ಟು ಮಗುಚಿದ ಮೇಲೆ. ನೀನೂ ನೋಡಿದೆ, ನಾನೂ ನೋಡಿದೆ. ಒಬ್ಬನೇ ಆ ನೀರಿಗೆ ಇಳಿದು ಮೂವರನ್ನು ಎಳೆದು ಹಾಕಿಕೊಂಡ. ಉಳಿದವರು ಕೊಂಬೆ ಹಿಡಿದುಕೊಂಡಿದ್ದರು, ಸುನೀಲ ಈಜಿ ದಡ ಸೇರಿ ಅವರನ್ನು ಹಗ್ಗ ಹಾಕಿ ಎಳೆದ. ಉಷಾರಾಣಿಯವರು ತೇಲಿಕೊಂಡು ಅಪ್ಪನ ಹತ್ತಿರಕ್ಕೇ ಬಂದರು. ಅಪ್ಪ ಜಾಕೆಟ್ಟಿನ ಹೆಗಲು ಹಿಡಿದ. ಜಾಕೆಟ್ ಮಾತ್ರ ಅವನ ಕೈಗೆ ಬಂತು, ಅವರು ಅದರೊಳಗಿಂದ ಜಾರಿಹೋದರು. ಅಪ್ಪ ಆ ಖಾಲಿ ಜಾಕೆಟ್ಟನ್ನು ಹಿಡಿದುಕೊಂಡೇ ದಡಕ್ಕೆ ಬಂದು, ‘ಕೈಗೆ ಸಿಕ್ಕಿದ್ರು ಕಣವ್ವ, ಸಿಕ್ಕಿದ್ರು ಕಣವ್ವ’ ಎಂದು ನನ್ನ ಹತ್ತಿರ ಹೇಳುತ್ತಲೇ ಇದ್ದ. ಆ ಜಾಕೆಟ್ಟನ್ನು ನೀನು ಅವನ ಕೈಯಿಂದ ತೆಗೆದುಕೊಂಡೆ. ಆಮೇಲೆ ಅದನ್ನೂ, ನೀನು ಮಾಡಿದ ವೀಡಿಯೋವನ್ನೂ ಯಾರೂ ನೋಡಲಿಲ್ಲ.

ಇನ್ನೊಂದನ್ನು ಬರೆಯಲೇಬೇಕು. ನಿಮ್ಮ ಮಾಲೀಕರು ಮೂರ್ತಿಯವರ ಫೋನ್ ಬಂತು. ನೀನು ದೂರ ಹೋಗಿ ಮಾತಾಡಿ ಬಂದೆ. ಬಂದವನೇ ಎರಡನೆಯ ರಾಫ್ಟಿಗೆ ಕಾದಿದ್ದ ಹುಡುಗ ಹುಡುಗಿಯರನ್ನು ಜೀಪು ಹತ್ತಿಸಿದೆ. ಅವರು ಇಲ್ಲಿದ್ದರೆ ವೀಡಿಯೋ ಮಾಡುತ್ತಾರೆ, ಕಾಡಿಗೆ ಕರೆದುಕೊಂಡು ಹೋಗು ಎಂದು ಮೂರ್ತಿಯವರು ಹೇಳಿದ್ದರಂತೆ. ನನ್ನ ಕಡೆ ತಿರುಗಿ ‘ಅಕ್ಕ, ಊಟದ ಡಬ್ಬಿ ಕೊಡು’ ಎಂದೆ. ಒಂದು ಹೆಂಗಸಿನ ಹೆಣ ಹೊಳೆಯಲ್ಲಿತ್ತು, ಅವರ ಜೊತೆಯವರು ಮರಳಿನ ಮೇಲೆ ಕೂತು ಅಳುತ್ತಿದ್ದರು, ನಾನು ಎಣಿಸಿ ಎಣಿಸಿ ಡಬ್ಬಿ ಕೊಟ್ಟೆ. ನೀನು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಹೋದೆ. ಆ ಸಂಜೆ ನೀವು ಆನೆಯ ಹಿಂಡು ನೋಡಿದಿರಂತೆ. ಆ ಹುಡುಗಿಯೊಬ್ಬಳು ಹಾಕಿದ ಫೋಟೋವನ್ನು ನಮ್ಮ ಪಕ್ಕದ ಮನೆಯ ಸುಕನ್ಯ ತನ್ನ ಫೋನಿನಲ್ಲಿ ತೋರಿಸಿದಳು. ನೀನು ಕೈ ಚಾಚಿ ಆನೆ ತೋರಿಸುತ್ತಿದ್ದೀಯ, ಕೆಳಗೆ ‘ತುಂಬಾ ಒಳ್ಳೆಯ ಗೈಡ್’ ಎಂದು ಬರೆದಿದ್ದಾಳೆ. ನಿನ್ನ ಮುಖದಲ್ಲಿ ನಗು ಇದೆ. ಗಿರಾಕಿಗಳ ಮುಂದೆ ನಗಲೇಬೇಕಾಗುತ್ತದೆ ಎಂದು ನೀನು ಹೇಳಬಹುದು. ನಾನು ಆ ಫೋಟೋವನ್ನು ಅಪ್ಪನಿಗೆ ತೋರಿಸಿಲ್ಲ.

ಮಾರನೆಯ ದಿನ ಸೋಮವಾರ ಹೆಣ ಹುಡುಕಲು ಬಂದವರ ಬೋಟು ಬಂಡೆಗಳ ಸಂದಿಗೆ ಹೋಗಲಿಲ್ಲ. ‘ಯಜಮಾನ್ರೇ, ನಿಮ್ಮ ಹರಿಗೋಲು ಹಾಕಿ’ ಎಂದು ಪೊಲೀಸರೇ ಅಪ್ಪನನ್ನು ಕರೆದರು. ಮಧ್ಯಾಹ್ನದ ಹೊತ್ತಿಗೆ ಹೆಣವನ್ನು ಹುಡುಕಿಕೊಟ್ಟವನು ಅವನೇ. ತನ್ನ ಪಂಚೆ ಬಿಚ್ಚಿ ಹೊದಿಸಿ, ಒದ್ದೆ ಚಡ್ಡಿಯಲ್ಲಿ ಮನೆಗೆ ಬಂದ. ಮಂಗಳವಾರ ಅದೇ ಪೊಲೀಸರು ಬಂದು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡರು. ಅಷ್ಟರಲ್ಲಿ ನಿನ್ನ ಹೇಳಿಕೆ ಆಗಿತ್ತು, ಸುನೀಲನೂ ಅದನ್ನೇ ಹೇಳಿದ್ದ. ಬದುಕಿದ ಟೀಚರುಗಳಿಗೆ ಏನೂ ಸರಿಯಾಗಿ ನೆನಪಿಲ್ಲ, ಒಂದು ಹರಿಗೋಲು ಇದ್ದದ್ದು ಮಾತ್ರ ನೆನಪಿದೆ. ಜಾಮೀನು ಸಿಗುವವರೆಗೆ ಎರಡು ದಿನ ಅಪ್ಪ ಸ್ಟೇಷನ್ನಿನ ಬೆಂಚಿನ ಮೇಲಿದ್ದ. ನೀನು ಬರುತ್ತೀಯ ಎಂದು ಬಾಗಿಲನ್ನೇ ನೋಡುತ್ತಿದ್ದ. ‘ಗಾಬ್ರಿಲಿ ಏನೋ ಅಂದ್ಬುಟ್ಟವನೆ, ಬಂದು ಸರಿಮಾಡ್ತಾನೆ’ ಎಂದು ನನಗೇ ಸಮಾಧಾನ ಹೇಳಿದ. ನೀನು ಬರಲಿಲ್ಲ. ದಾಂಡೇಲಿಯಲ್ಲಿ ಮ್ಯಾನೇಜರ್ ಆದೆ ಎಂದು ತಿಂಗಳಾದ ಮೇಲೆ ಪ್ರಿಯಾಳಿಂದ ತಿಳಿಯಿತು. ಹರಿಗೋಲು ಸ್ಟೇಷನ್ನಿನ ಹಿಂದೆ, ಹಿಡಿದು ತಂದ ಬೈಕುಗಳ ನಡುವೆ ಬಿದ್ದಿದೆ. ಮಳೆಯಲ್ಲಿ ನೆಂದು ಬಿಸಿಲಿನಲ್ಲಿ ಒಣಗಿ ಬಿದಿರು ಬಾಯಿ ಬಿಟ್ಟಿದೆ.

ಸೇತುವೆ ಆಗುವ ಮುಂಚೆ ನಮ್ಮೂರಿನ ಮಕ್ಕಳೆಲ್ಲ ಆಚೆ ದಡದ ಶಾಲೆಗೆ ಹೋಗುತ್ತಿದ್ದದ್ದು ಅಪ್ಪನ ಹರಿಗೋಲಿನಲ್ಲೇ. ಅಷ್ಟು ವರ್ಷದಲ್ಲಿ ಒಂದು ಮಗುವಿನ ಚೀಲ ಕೂಡ ನೀರಿಗೆ ಬಿದ್ದದ್ದಿಲ್ಲ. ನೀರು ಹೆಚ್ಚಾದ ದಿನ ಮೇಷ್ಟರು ಎಷ್ಟು ಬೈದರೂ ಅವನು ಹರಿಗೋಲು ಇಳಿಸುತ್ತಿರಲಿಲ್ಲ. ಆಗ ಶಾಲೆ ತಪ್ಪಿತೆಂದು ಕುಣಿಯುತ್ತಿದ್ದವನು ನೀನೇ. ಈಗ ಆ ಮಕ್ಕಳೆಲ್ಲ ದೊಡ್ಡವರಾಗಿ, ಚಿಕ್ಕಮಾದಯ್ಯನಿಗೆ ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ, ಅಡ್ಡ ಹೋಗಿರಬಹುದು ಎನ್ನುತ್ತಾರೆ. ಮಗನೇ ಹೇಳಿದ ಮೇಲೆ ಸುಳ್ಳಿರುತ್ತದೆಯೇ ಎನ್ನುತ್ತಾರೆ.

ಹೋದ ಬುಧವಾರ ನಾನು ಗಂಗಾಧರಪ್ಪನವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ದಾರ ಕಟ್ಟಿದ್ದು, ಹರಿಗೋಲು ಮರಳಿನ ಮೇಲಿದ್ದದ್ದು, ಎಲ್ಲ. ‘ಇದನ್ನು ಮೊದಲೇ ಯಾಕೆ ಹೇಳಲಿಲ್ಲಮ್ಮ?’ ಎಂದರು. ‘ಅವನು ನನ್ನ ತಮ್ಮ’ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬರೆದುಕೊಂಡರು. ನಮ್ಮವರಿಗೂ ಹೇಳಿದ್ದೇನೆ. ಅವರು ಒಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು, ಈಗ ಸರಿಹೋಗಿದ್ದಾರೆ. ನಿನ್ನ ಮೇಲೆ ನನಗಿರುವ ಸಿಟ್ಟನ್ನು ಬರೆದು ಮುಗಿಸಲು ಈ ಹಾಳೆಗಳು ಸಾಲವು. ಆದರೂ ನಿನಗೆ ಏನಾದರೂ ಆದರೆ ಮೊದಲು ಅಳುವವಳು ನಾನೇ, ಅದೇ ನನಗೆ ಇನ್ನೂ ಸಿಟ್ಟು.

ಮೈ ಹುಷಾರು. ಚಳಿ ಶುರುವಾಗಿದೆ, ಬೆಳಿಗ್ಗೆ ನೀರಿಗಿಳಿಯುವಾಗ ಕಿವಿಗೆ ಹತ್ತಿ ಇಟ್ಟುಕೊ. ಮಕ್ಕಳು ಮಾವನನ್ನು ಕೇಳುತ್ತಿರುತ್ತವೆ. ನಮ್ಮವರು ನಿನಗೆ ಏನೂ ಹೇಳು ಎನ್ನಲಿಲ್ಲ. ದೇವರು ನಿನ್ನ ಮಗನಿಗೆ ಆಯಸ್ಸು ಕೊಡಲಿ, ನಿನಗೆ ಬುದ್ಧಿ ಕೊಡಲಿ.

ಇಂತಿ ನಿನ್ನ ಅಕ್ಕ,
ಪುಷ್ಪಾ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ತಳ್ಳಿದೆ. ನಮ್ಮವರು ಇದನ್ನು ಪೋಸ್ಟಿಗೆ ಹಾಕಲು ಹುಣಸೂರಿನ ಬಸ್ಸಿಗೆ ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಇದೇ 22, ಶುಕ್ರವಾರ, ಪಿರಿಯಾಪಟ್ಟಣದ ಕೋರ್ಟಿನಲ್ಲಿ ಅಪ್ಪ ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುತ್ತಾನಂತೆ. ‘ಒಂದು ಜೀವ ಓಗದೆ, ಯಾರ್ ಮೇಲಾದ್ರೂ ಬರ್ಲೇಬೇಕು. ನನ್ ಮೇಲೆ ಬರ್ಲಿ. ಅವನ್ಗೆ ಮಗ ಉಟ್ಟವನೆ’ ಎನ್ನುತ್ತಾನೆ. ಅವನು ಒಪ್ಪಿಕೊಂಡರೆ ಸಾಕ್ಷಿ ಹೇಳು ಎಂದು ನನ್ನನ್ನು ಯಾರೂ ಕರೆಯುವುದಿಲ್ಲವಂತೆ, ಕೇಸು ಅಲ್ಲಿಗೇ ಮುಗಿಯುತ್ತದಂತೆ. ವಕೀಲರು ಹೇಳಿ ಸೋತರು, ನಾನು ಕಾಲು ಹಿಡಿದು ಸೋತೆ. ನಿನಗೆ ತಿಳಿಸಕೂಡದೆಂದು ಅಮ್ಮನ ಫೋಟೋ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಾನೆ, ಮುರಿದಿದ್ದೇನೆ. ಹತ್ತೂವರೆಗೆ ಅಪ್ಪನ ಹೆಸರು ಕೂಗುತ್ತಾರೆ. ಬರುವುದಾದರೆ ಅವತ್ತು ಬಾ. ಆಮೇಲೆ ಬರಬೇಡ.