ದೇಚಮ್ಮ ಆಂಟಿಯ ಪೈಲಟ್

ವಾಯುಸೇನಾ ನಗರ, ನಾಗಪುರ
ಬುಧವಾರ

ದೇಚಮ್ಮ ಆಂಟಿಗೆ ಶರ್ವಾಣಿಯ ನಮಸ್ಕಾರ.

ಧಾರಾವಾಹಿ ಅಭಿಮಾನಿಗಳು ಅದರ ಪಾತ್ರಗಳನ್ನಿಟ್ಟುಕೊಂಡು ಕಥೆ ಬರೆಯುವ ನಮ್ಮ ಗುಂಪಿಗೆ ನಾನು ಸೇರಿ ತಿಂಗಳೂ ಆಗಿಲ್ಲ. ಭಾನುವಾರ ಹಾಕಿದ ನನ್ನ ಮೊದಲ ಕಥೆಯಲ್ಲಿ ನಿಮ್ಮ ಕಥೆಗಳಲ್ಲಿ ಬರುವ ಪೈಲಟ್ ಧನಂಜಯನನ್ನು ವಿಮಾನ ಅಪಘಾತದಲ್ಲಿ ಸಾಯಿಸಿದೆ. ಅವನೂ ಧಾರಾವಾಹಿಯವನೇ ಎಂದುಕೊಂಡಿದ್ದೆ.

ಗುಂಪು ನಡೆಸುವ ಪ್ರಭಾ ಮೇಡಂ ಫೋನ್ ಮಾಡಿದರು. "ಧಾರಾವಾಹಿ ಪಾತ್ರಗಳನ್ನ ಹೆಂಗ ಬೇಕಾದ್ರೂ ಬರಿ, ಯಾರೂ ಕೇಳಂಗಿಲ್ಲ. ಆದ್ರ ಧನಂಜಯ ದೇಚಮ್ಮ ಅವರ ಸ್ವಂತ ಪಾತ್ರ. ಅವರನ್ನ ಒಂದ್ ಮಾತು ಕೇಳಬೇಕಿತ್ತು. ಅವರ ಮಗ ಬಾಬು ವಾಯುಸೇನೆಯೊಳಗ ಪೈಲಟ್ ಅದಾನ, ಅವನ್ನ ನೋಡೇ ಬರದಾರ," ಎಂದರು.

ಕೂಡಲೇ ಕಥೆ ಅಳಿಸಿದೆ. ಅಷ್ಟರಲ್ಲಿ ನೀವು ಓದಿಯಾಗಿತ್ತು. ಅಂದಿನಿಂದ ಗುಂಪಿನಲ್ಲಿ ನಿಮ್ಮ ಸುದ್ದಿಯೇ ಇಲ್ಲ. ನನ್ನ ಅಪ್ಪನೂ ವಾಯುಸೇನೆಯಲ್ಲಿದ್ದಾರೆ. ಅವರು ಹಾರುವ ದಿನ ಅಮ್ಮ ಟಿವಿಯಲ್ಲಿ ಸುದ್ದಿ ಹಾಕಲು ಬಿಡುವುದಿಲ್ಲ. ಇದೆಲ್ಲ ಗೊತ್ತಿದ್ದೂ ಬರೆದೆನಲ್ಲ ಎಂದು ಊಟ ಸೇರುತ್ತಿಲ್ಲ. ಎಲ್ಲಿ ವಿಮಾನ ಅಪಘಾತದ ಸುದ್ದಿ ಇರುತ್ತದೋ ಎಂದು ಇವತ್ತು ಪೇಪರ್ ಬಿಡಿಸಿ ನೋಡುವ ಧೈರ್ಯವೂ ಬರಲಿಲ್ಲ.

ಗುಂಪಿನಿಂದ ತೆಗೆಸುವುದಾದರೂ ಬೈಯುವುದಾದರೂ ಆಮೇಲೆ ಮಾಡಿ, ಆಂಟಿ. ಮೊದಲು, ಬಾಬು ಅಣ್ಣ ಫೋನ್ ಮಾಡಿದ್ದರು ಎಂದು ಒಂದು ಸಾಲು ಬರೆಯಿರಿ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ
ಶರ್ವಾಣಿ