ಹತ್ತನೆಯ ಹಾಡಿನ ಉಸಿರು

ತಮ್ಮನಿಗೆ,

ನಿನ್ನ ಪಂಕ್ ಆಲ್ಬಮ್ ಪೂರ್ತಿ ಕೇಳಿದೆ. ಮೇಲಿನ ಮನೆಯವರು ಬಂದು ಬಾಗಿಲು ಬಡಿದರು; ಅದನ್ನು ಹೊಗಳಿಕೆ ಎಂದೇ ತಿಳಿದುಕೋ.

ಹತ್ತು ಹಾಡುಗಳಲ್ಲಿ ಒಂಬತ್ತು, ನಿನ್ನನ್ನು ಬಿಟ್ಟುಹೋದವಳಿಗೆ ಬೈಗುಳ. ಕೈಕೊಟ್ಟವಳು, ಕಲ್ಲೆದೆಯವಳು ಎಂದು ಊರಿಗೆಲ್ಲ ಡಂಗುರ ಹೊಡೆದಿದ್ದೀಯ. ನೀನು ಗಿಟಾರ್ ಹೊತ್ತು ಅಲೆಯುತ್ತಿದ್ದಾಗ ಹಾಸಿಗೆ ಹಿಡಿದಿದ್ದ ಅಮ್ಮನ ಮಗ್ಗುಲು ಬದಲಿಸಲು ನನ್ನ ಜೊತೆ ಕೈಜೋಡಿಸುತ್ತಿದ್ದವಳು ಅವಳೇ. ನಿನ್ನನ್ನು ಬಿಟ್ಟ ಮೇಲೂ ಬರುತ್ತಿದ್ದಳು. ಅದಕ್ಕೆ ಪ್ರಾಸ ಸಿಗಲಿಲ್ಲವೇನೋ.

ಹತ್ತನೆಯದು ಅಮ್ಮನ ಹಾಡು. ಕೊನೆಗೆ ಡ್ರಮ್ಮು, ಗಿಟಾರು ಎಲ್ಲ ನಿಂತು ಅವಳ ಉಸಿರು ಮಾತ್ರ ಕೇಳುತ್ತದೆ. ಅದನ್ನು ಕೇಳಿ ಜನ ಅಳುತ್ತಾರಂತೆ. ಆ ದಿನ ನೀನು ಬಂದವನೇ ಫೋನನ್ನು ದಿಂಬಿನ ಪಕ್ಕ ಹಿಡಿದು, "ಅಕ್ಕಾ, ಸ್ವಲ್ಪ ಹೊತ್ತು ಮಾತಾಡ್ಬೇಡ, ರೆಕಾರ್ಡ್ ಆಗ್ತಿದೆ" ಅಂದೆ. ನೀನು ಫೋನನ್ನೇ ನೋಡುತ್ತಿದ್ದೆ, ಅಮ್ಮನ ಮುಖವನ್ನಲ್ಲ. ನೀನು ಅದನ್ನು ಜೇಬಿಗಿಟ್ಟ ಮೇಲೆ ನಾನು, "ಈಗ ಹೋದ್ಳು" ಎಂದೆ.

ನಾನು ಸುಳ್ಳು ಹೇಳಿದೆ. ನೀನು ಮೆಟ್ಟಿಲು ಹತ್ತುವ ಮೊದಲೇ ಅಮ್ಮ ಹೋಗಿದ್ದಳು. ನೀನು ರೆಕಾರ್ಡ್ ಮಾಡಿಕೊಂಡದ್ದು, ಬೆನ್ನು ಹುಣ್ಣಾಗದಿರಲೆಂದು ಹಾಸಿದ್ದ ಗಾಳಿಹಾಸಿಗೆಯ ಪಂಪಿನ ಸದ್ದು.

ಮುಂದಿನ ತಿಂಗಳು ಇದನ್ನು ವೇದಿಕೆಯ ಮೇಲೆ ಹಾಡುತ್ತೀಯಂತೆ. ಪಂಪನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಪ್ಲಗ್ ಹಾಕಿ ಮೈಕ್ ಹಿಡಿ, ಸಾಕು. ಸ್ವಿಚ್ ಸಡಿಲವಾಗಿದೆ, ಒಂದು ಬಗೆಯಲ್ಲಿ ಒತ್ತಬೇಕು. ಹೇಗೆಂದು ಆ ನಿನ್ನ ಕಲ್ಲೆದೆಯವಳಿಗೆ ಗೊತ್ತು, ಕೇಳಿಕೋ.

ಅಕ್ಕ