ಆರನೇ ಬೆಡ್ಡಿನವರಿಗೆ ಹೇಳದೆ ಉಳಿದದ್ದು

ಬಳ್ಳಾರಿ, ಇಸವಿ ೨೧೮೭, ಹದಿಮೂರನೇ ತಿಂಗಳ ನಾಲ್ಕು

ಪ್ರೀತಿಯ ಎಸ್ತೇರಕ್ಕ,

ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಯಿತೆಂದು ನಮ್ಮವರು ಒಂದು ತಿಂಗಳು ಸೇರಿಸಿಕೊಂಡಿದ್ದಾರೆ. ನನ್ನ ಕನ್ನಡವೂ ವಿಚಿತ್ರ ಎನ್ನಿಸಬಹುದು, ಕ್ಷಮಿಸಿ. ಅರ್ಧ ಕಲಿತದ್ದೇ ನಿಮ್ಮ ಐಸಿಯು ನರ್ಸುಗಳ ವಾಟ್ಸಾಪ್ ಗ್ರೂಪಿನಿಂದ. ನೂರಾ ಅರವತ್ತು ವರ್ಷ ಹಳೆಯ ಆ ಮೆಸೇಜುಗಳನ್ನು ನಮಗೆ ತರಬೇತಿಯಲ್ಲಿ ಓದಿಸುತ್ತಾರೆ. ನಾನು ಮೂರು ಸಲ ಓದಿದ್ದೇನೆ. ನಿಮ್ಮ ಜೊತೆಯ ಜೆಸ್ಸಿಯವರ ಉಪ್ಪಿಲ್ಲದ ಚಿತ್ರಾನ್ನದ ಫೋಟೊಗೆ "ಇದು ಪೇಷಂಟ್ ಡಯಟ್ ಏನವ್ವಾ?" ಅಂತ ನೀವು ಬರೆದದ್ದೂ ನನಗೆ ಬಾಯಿಪಾಠ.

ನಮ್ಮಲ್ಲಿ ಬೀಪ್ ಸದ್ದಿಲ್ಲ. ಚಾವಣಿಯಲ್ಲಿರುವ ಕಾವಲುಕಣ್ಣು ನಾಡಿ, ಬಿಪಿ, ಔಷಧಿ ಎಲ್ಲ ನೋಡಿಕೊಳ್ಳುತ್ತದೆ. ನಮಗೆ ಉಳಿದಿರುವುದು ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ತಲೆ ಬಾಚುವುದು, ಮತ್ತೆ ಹೇಳಿಮುಟ್ಟು. ಪದ ನಮ್ಮದು, ಪದ್ಧತಿ ನಿಮ್ಮದು. "ಎಚ್ಚರ ಇರ್ಲಿ ಬಿಡ್ಲಿ, ಹೆಸರು ಹಿಡ್ದು ಹೇಳಿ ಆಮ್ಯಾಲೆ ಮುಟ್ರವ್ವ. ಎಲ್ಲಾ ಹೋದ ಮ್ಯಾಲೇ ಕಡೀಗೆ ಕಿವಿ ಹೋಗ್ತೈತಿ" ಅಂತ ಹೊಸಬರಿಗೆ ಬರೆದಿದ್ದಿರಲ್ಲ, ಅದು ಈಗ ನಮ್ಮ ಗೋಡೆಯ ಮೇಲಿದೆ.

ಆ ಗೋಡೆಯ ಕೆಳಗೇ ನಾನು ತಪ್ಪಿದೆ. ಆರನೇ ಬೆಡ್ಡಿನ ಗಾದಿಲಿಂಗಪ್ಪನವರು ವೆಂಟಿಲೇಟರ್‌ನಲ್ಲಿದ್ದರು, ಕಣ್ಣು ಮುಚ್ಚಿತ್ತು. ನನ್ನ ಸೀನಿಯರ್ ಜಂಬಕ್ಕ ಬಾಚಣಿಗೆ ಕೊಟ್ಟಳು. ನಾನು ಕಾವಲುಕಣ್ಣಿನ ಅಂಕಿ ನೋಡಿ ಜಾಣೆಯಂತೆ, "ಸಂಜೀತನಕ ಇರಂಗಿಲ್ಲ ಬಿಡಕ್ಕ, ಯಾವ ಮದುವೀಗೆ ಈ ಕ್ರಾಪು?" ಅಂದೆ.

"ಬಾಯಿಗೆ ಬಟ್ಟಿ ತುರುಕ್ಕೋ" ಅಂದಳು ಜಂಬಕ್ಕ. ಆಗಲೇ ತಡವಾಗಿತ್ತು.

ಅವರು ಉಳಿದರು. ಐದನೇ ದಿನ ಗಂಟಲಿನ ನಳಿಕೆ ತೆಗೆದಾಗ ಬಂದ ಮೊದಲ ಮಾತು, "ಸಂಜಿ ಆತೇನವ್ವ?"

ಅಂದಿನಿಂದ ಹೊತ್ತು ಇಳಿಯುತ್ತಿದ್ದಂತೆ ಅವರ ಎದೆ ಹೊಡೆದುಕೊಳ್ಳುತ್ತದೆ. ಪರದೆ ಎಳೆಯಲು ಬಿಡುವುದಿಲ್ಲ. ಮಂಪರಿನಲ್ಲಿ ಕೇಳಿದ ದನಿ ನನ್ನದೆಂದು ಅವರಿಗೆ ತಿಳಿದಿಲ್ಲ. ನನ್ನ ಕೈಯನ್ನೇ ಹಿಡಿದು, "ನೀ ಇಲ್ಲೇ ಇರು. ಸಂಜೀಗೆ ಹೋಗ್ತಾನ ಅಂದ್ಲಲ್ಲ, ಆಕೀನ ಒಳಗ ಬಿಡಬ್ಯಾಡ" ಅನ್ನುತ್ತಾರೆ. "ಆತು ತಾತ" ಅಂದೆ. ಮೂರು ಸಂಜೆ ಅದನ್ನೇ ಅಂದೆ.

ನಾಳೆ ಬೆಳಿಗ್ಗೆ ಅವರು ಮನೆಗೆ ಹೋಗುತ್ತಾರೆ. ಜಂಬಕ್ಕ ಇವತ್ತು ಹಿಡಿದು ನಿಲ್ಲಿಸಿ ಹೇಳಿದಳು: "ಎಳೇ ಹುಡುಗಿ ಬಾಯಿ ತಪ್ಪಿ ಅಂದದ್ದು ಅಂತ ಗೊತ್ತಾದ್ರ ಹೆದರಿಕಿ ಇಳೀತೈತಿ. ಇಲ್ಲಂದ್ರ ಯಮನ ಕಡೆಯಾಕಿನೇ ಬಂದು ಹೇಳ್ಯಾಳ ಅಂತ ತಿಳ್ಕೊಂಡು ಹೋಗ್ತಾರ."

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಐಸಿಯುವಿನ ಒಂಬತ್ತನೇ ಬೆಡ್ಡಿನ ಅಮ್ಮ ನೀರು ಕೇಳಿದಾಗ ನೀವು "ಬಂದೆ" ಅಂದು ಇನ್ನೊಬ್ಬರ ಬಳಿ ಓಡಿದ್ದಿರಿ. ತಿರುಗಿ ಬರುವಷ್ಟರಲ್ಲಿ ಅವರ ಜೀವ ಹೋಗಿತ್ತು. "ನೀರು ಕೇಳಿದ್ದು ಅವರ ಮಗಳಿಗೆ ನಾಳೆ ಹೇಳ್ತೀನಿ" ಅಂತ ಗ್ರೂಪಿನಲ್ಲಿದೆ. ಆಮೇಲೆ ಡ್ಯೂಟಿ ಪಟ್ಟಿ, ಯಾರದೋ ಹುಟ್ಟುಹಬ್ಬ, ಮತ್ತೆ ಚಿತ್ರಾನ್ನ. ಹೇಳಿದಿರಾ ಅಂತ ಕೊನೆಯ ಮೆಸೇಜಿನವರೆಗೂ ಹುಡುಕಿದೆ. ಸಿಗಲಿಲ್ಲ.

ಹೇಳಿಲ್ಲವಾದರೆ, ಈ ಪತ್ರ ತಲುಪಿದರೆ, ಹೇಳಿಬಿಡಿ ಅಕ್ಕ. ನಿಮ್ಮ ಉತ್ತರಕ್ಕೆ ಕಾಯುವಷ್ಟು ಹೊತ್ತು ನನಗಿಲ್ಲ. ಕಿಟಕಿಯ ಬಿಸಿಲು ಹಳದಿಗೆ ತಿರುಗಿದೆ. ಬಾಚಣಿಗೆ ತೆಗೆದುಕೊಂಡು ಆರನೇ ಬೆಡ್ಡಿಗೆ ಹೋಗುತ್ತಿದ್ದೇನೆ. ಮೊದಲು ಅವರ ಹೆಸರು ಹೇಳುತ್ತೇನೆ, ಆಮೇಲೆ ಆ ಮಾತು ಆಡಿದವಳ ಹೆಸರು. ಅದಾದ ಮೇಲೂ ಮುಟ್ಟಲು ಬಿಟ್ಟರೆ, ತಲೆ ಬಾಚುತ್ತೇನೆ.

ನಿಮ್ಮ
ಹೊನ್ನೂರಿ